ಕೋಲಜ್ಜಿಯ ನೆಲ

ಜನವರಿ ೮, ಬುಧವಾರ

ಡಾಕ್ಟರಮ್ಮ ಬರೆದಿಡು ಅಂದಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಯಾವ ದಿನ ಯಾವ ಸದ್ದು ಕೇಳಿಸಿತು, ಯಾವುದು ಕೇಳಿಸಲಿಲ್ಲ ಅಂತ. ಕೇಳಿಸದೇ ಇದ್ದದ್ದು ಕೇಳಿಸಲಿಲ್ಲ ಅಂತ ನನಗೆ ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಆಕೆ ನಕ್ಕರು. ನನಗೆ ನಗು ಬರಲಿಲ್ಲ.

ಎರಡೂ ಕಿವಿಗೆ ಬಟ್ಟಲಿನಂಥದ್ದು ಮುಚ್ಚಿ ಕೂರಿಸಿದ್ದರು. ಸದ್ದು ಕೇಳಿದಾಗೆಲ್ಲ ಕೈ ಎತ್ತಬೇಕು. ದಪ್ಪ ಸದ್ದಿಗೆಲ್ಲ ಎತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಕೆ ಕಾಫಿಗೆ ಎದ್ದು ಹೋದರೇನೋ ಅಂದುಕೊಂಡು ತಿರುಗಿ ನೋಡಿದರೆ, ಅಲ್ಲೇ ಕೂತು ಗುಂಡಿ ಒತ್ತುತ್ತಲೇ ಇದ್ದಾರೆ.

ಹದಿನೆಂಟು ವರ್ಷ ಟೈಲ್ ಕೊಯ್ಯುವ ಯಂತ್ರವನ್ನು ಮುಖದ ಹತ್ತಿರ ಹಿಡಿದದ್ದಕ್ಕೆ ಇದು. ಮಾತು ಕೇಳುತ್ತದೆ, ಗಾಡಿ ಕೇಳುತ್ತದೆ. ಸಣ್ಣ ಸದ್ದು ಹೋಗಿದೆ, ಇನ್ನು ಬರುವುದಿಲ್ಲವಂತೆ. ಆ ಸಣ್ಣ ಸದ್ದೇ ನನ್ನ ಹೊಟ್ಟೆಪಾಡು ಎಂದು ಆಕೆಗೆ ಹೇಳಲಿಲ್ಲ. ಟೈಲ್ ಕೂರಿಸಿ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ, ಕೆಳಗೆ ಗಾರೆ ತುಂಬಿಕೊಂಡಿದ್ದರೆ ಒಂದು ಸದ್ದು, ಗಾಳಿ ಉಳಿದಿದ್ದರೆ ಇನ್ನೊಂದು. ಗಟ್ಟಿ, ಟೊಳ್ಳು. ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಟೊಳ್ಳಿನ ಮೇಲೆ ಮಂಚದ ಕಾಲು ಕೂತರೆ ಟೈಲ್ ಒಡೆಯುತ್ತದೆ, ಮೇಸ್ತ್ರಿಯ ಹೆಸರೂ ಅದರ ಜೊತೆಗೇ.

ಇಷ್ಟರ ಮೇಲೆ ಮೊನ್ನೆ, ಕೋಲಜ್ಜಿ ಆಳಿನ ಕೈಲಿ ಹೇಳಿಕಳಿಸಿದ್ದ ಅವಳ ಹೊಸ ಮನೆಯ ನೆಲದ ಕೆಲಸ ಒಪ್ಪಿಕೊಂಡಿದ್ದೇನೆ. ಹೆಸರು ಮದಾಮ್ ಮಾಬ್ಲೆ. ನಮ್ಮ ಲೋಮೆ ನಗರದ ದೊಡ್ಡ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ಇಟ್ಟಿದ್ದವಳು. ಬಟ್ಟೆ ಅಳೆಯುತ್ತಿದ್ದ ಹಿತ್ತಾಳೆ ತುದಿಯ ಕೋಲು ಈಗ ಊರುಗೋಲಾಗಿದೆ. ನೆಲ ಒಪ್ಪಿಸುವ ದಿನ ಮನೆಯವರು ಎಲ್ಲರೆದುರು ಟೈಲ್ ತಟ್ಟಿ ನೋಡುವುದು, ಟೊಳ್ಳು ಅಂದದ್ದನ್ನು ಮೇಸ್ತ್ರಿ ತನ್ನ ಕೈಯಾರೆ ಒಡೆಯುವುದು ನಮ್ಮಲ್ಲಿನ ಕ್ರಮ. ಬೇರೆ ಮನೆಯವರು ಹತ್ತು ತಟ್ಟಿ ಸೊಡಾಬಿ ಸಾರಾಯಿಯ ಬಾಟಲಿ ಬಿಚ್ಚುತ್ತಾರೆ. ಈಕೆ ಒಂದನ್ನೂ ಬಿಡುವುದಿಲ್ಲ. ಐದು ವರ್ಷದ ಹಿಂದೆ ಅಂಗಡಿಯನ್ನು ಹೊಸದಾಗಿ ಕಟ್ಟಿಸಿದಾಗ ಒಬ್ಬ ಮೇಸ್ತ್ರಿಯ ಕೈಲಿ ಹನ್ನೊಂದು ಒಡೆಸಿದ್ದಳು. ಅವನೀಗ ಗಡಿಯಾಚೆ ಕೋಟನೂನಲ್ಲಿ ಕೊಬ್ಬರಿ ಮಾರುತ್ತಿದ್ದಾನಂತೆ.

ಹೆಂಡತಿ ಅಕೂವಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಈ ಪುಸ್ತಕ ಕರಣೆ ಚೀಲದ ತಳದಲ್ಲಿರುತ್ತದೆ, ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ.

ಜನವರಿ ೧೩, ಸೋಮವಾರ

ಕೆಲಸ ಶುರು. ನಾಲ್ಕು ಕೋಣೆ, ಒಂದು ಹಜಾರ. ಆರುನೂರ ಚಿಲ್ಲರೆ ಟೈಲ್.

ಕೋಲಜ್ಜಿ ಬೆಳಿಗ್ಗೆಯೇ ಬಂದು ಮಾವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಾನು ಪಕ್ಕದಿಂದ ನಮಸ್ಕಾರ ಹೇಳಿದೆ. ತಿರುಗಲೂ ಇಲ್ಲ. ಇನ್ನೊಮ್ಮೆ ಹೇಳಿದೆ.

"ಎದುರಿಗೆ ಬಂದು ನಿಂತು ಮಾತಾಡು. ಬೆನ್ನ ಹಿಂದೆ ಪಿಸುಗುಡೋಕೆ ನೀನೇನು ಕಳ್ಳನೋ, ಮೇಸ್ತ್ರಿನೋ?"

"ಮೇಸ್ತ್ರಿ, ಮದಾಮ್. ಅಗ್ಬೆಕೊ."

"ಹೆಸರು ಕೇಳಿದೀನಿ. ನಿನ್ನ ನೆಲ ಒಳ್ಳೇದಂತೆ. ಫೆಬ್ರವರಿ ಎಂಟಕ್ಕೆ ನಾನೇ ನೋಡ್ತೀನಿ." ಕೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದಳು. ಆ ಸದ್ದು ನನಗೂ ಚೆನ್ನಾಗಿ ಕೇಳಿಸಿತು.

ಮರಳು ಜರಡಿ ಹಿಡಿಯಲು, ಗಾರೆ ಕಲಸಲು ಒಬ್ಬ ಹೆಂಗಸು ಬಂದಿದ್ದಾಳೆ. ಮೂವತ್ತರ ಆಸುಪಾಸು. ಬಾಯಿ ಸುಮ್ಮನಿರುವುದಿಲ್ಲ, ಯಾವಾಗಲೂ ಏನೋ ಗುನುಗುತ್ತಿರುತ್ತಾಳೆ. ಅವಳ ಗುನುಗಿನಲ್ಲಿ ನನಗೆ ಅರ್ಧ ಮಾತ್ರ ಕೇಳಿಸುತ್ತದೆ.

ಜನವರಿ ೧೫, ಬುಧವಾರ

ಕಿಟಕಿಯ ಕೋಣೆಯಲ್ಲಿ ಬಾಗಿಲ ಕಡೆಯಿಂದ ಐದು ಸಾಲು ಹಾಕಿದೆ. ಪ್ರತಿ ಟೈಲನ್ನೂ ತಟ್ಟಿದೆ. ಎಲ್ಲವೂ ಒಂದೇ ಥರ. ಕಿವಿಯೊಳಗೆ ಜೀರುಂಡೆ ಕೂಗುತ್ತಲೇ ಇದೆ, ಅದರಾಚೆ ಏನೂ ಇಲ್ಲ.

ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಗಾರೆಗೆ ನೀರು ಜಾಸ್ತಿ ಹಾಕಿಸಿದರೆ ಟೈಲ್ ತಾನಾಗಿ ಅದರಲ್ಲಿ ಇಳಿದು ಕೂರುತ್ತದೆ, ಸುತ್ತಲೂ ಉಕ್ಕುತ್ತದೆ. ಆಗ ಕೇಳಿಸಿಕೊಳ್ಳುವುದೇ ಬೇಡ, ಕಣ್ಣಲ್ಲೇ ನೋಡಬಹುದು. ನನ್ನ ಗುರುಗಳು ನೋಡಿದ್ದರೆ ಕರಣೆಯಿಂದ ಬೆರಳಿಗೆ ಬಾರಿಸುತ್ತಿದ್ದರು. ನಾಲ್ಕು ಮರಳಿಗೆ ಒಂದು ಸಿಮೆಂಟು, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು ಎಂದು ಕಲಿಸಿದವರು ಅವರು.

ಮರಳಿನವಳಿಗೆ ಇನ್ನೂ ಎರಡು ಚೊಂಬು ಹಾಕು ಅಂದೆ.

"ಅಯ್ಯೋ ಎಫೋ, ಇದೇನು ಗಾರೆನೋ ಗಂಜಿನೋ?" ಅಂದಳು. ಎಫೋ ಅಂದರೆ ಅಣ್ಣ ಅಂತ ಮರ್ಯಾದೆಯ ಕರೆ. ದನಿಯಲ್ಲಿ ಮರ್ಯಾದೆ ಇರಲಿಲ್ಲ.

"ಒಣಗಾಳಿ ಬೀಸ್ತಾ ಇದೆ, ಕಾಣಲ್ವಾ? ಬೇಗ ಎಳೆದುಕೊಳ್ಳುತ್ತೆ. ನೀರು ಹಾಕು."

"ಹಾಕ್ತೀನಿ. ನೀರು ಹೋದ ಮೇಲೆ ಜಾಗ ಖಾಲಿ ಉಳಿಯುತ್ತೆ ಅಂತ ನಮ್ಮೂರಲ್ಲಿ ಅಂತಾರಪ್ಪ."

"ನಿಮ್ಮೂರಲ್ಲಿ ಮೇಸ್ತ್ರಿ ನೀನೇನಾ?"

ಗೋಡೆಗೆ ಗಿಲಾವು ಮಾಡುತ್ತಿದ್ದ ಫೊಲಿ ಮೇಲಿನಿಂದ ನಕ್ಕ. ಅವಳು ನೀರು ಹಾಕಿದಳು. ಅವಳು ಹೇಳಿದ್ದು ನಿಜ ಎಂದು ನನಗೆ ಗೊತ್ತು. ಹದಿನೆಂಟು ವರ್ಷದಿಂದ ಗೊತ್ತು.

ಜನವರಿ ೧೬

ಕಿಟಕಿಯ ಕೋಣೆ ಮುಗಿಯಿತು. ತೆಳು ಗಾರೆ. ಹೆದರಿಕೆ.

ಜನವರಿ ೧೮, ಶನಿವಾರ

ಮನೆಯಲ್ಲಿ ಜಗಳ. ಅಕೂವಿ ಅಂಗಳದಿಂದ ಕರೆದಳಂತೆ, ಒಲೆಯ ಮೇಲೆ ಸೊಪ್ಪಿನ ಸಾರು ತಳ ಹತ್ತುತ್ತಿದೆ, ಇಳಿಸು ಅಂತ. ನಾನು ಒಲೆಗೆ ಮೂರು ಮಾರು ದೂರದಲ್ಲಿ ಕೂತು ಅಂಗಿ ಗುಂಡಿ ಹೊಲಿದುಕೊಳ್ಳುತ್ತಿದ್ದೆ.

"ಕಿವಿ ಎಲ್ಲಿ ಅಡ ಇಟ್ಟು ಬಂದಿದ್ದೀಯಾ?" ಅಂದಳು.

ಆ ಒಂದು ಮಾತಿಗೆ ನಾನು ಎಗರಿಬಿದ್ದೆ. ದಿನವಿಡೀ ಮೊಣಕಾಲ ಮೇಲೆ ಕೂತು ಬಂದವನಿಗೆ ಮನೆಯಲ್ಲೂ ಚಾಕರಿಯೇ ಎಂದೆಲ್ಲ ಕೂಗಾಡಿದೆ. ಅವಳು ಬೆಪ್ಪಾಗಿ ನೋಡಿದಳು. ಹತ್ತಿದ ಸಾರಿನಲ್ಲೇ ಜೋಳದ ಮುದ್ದೆ ಅದ್ದಿಕೊಂಡು ಇಬ್ಬರೂ ಉಂಡೆವು. ಕೂಗಾಡಿದರೆ ಜನ ಪ್ರಶ್ನೆ ಕೇಳುವುದಿಲ್ಲ ಎಂಬುದೊಂದು ಅನುಕೂಲ. ಉಂಡದ್ದು ಮಾತ್ರ ಮೈಗೆ ಹತ್ತಲಿಲ್ಲ.

ಜನವರಿ ೨೧, ಮಂಗಳವಾರ

ಸಿಕ್ಕಿಬಿದ್ದೆ.

ಎರಡನೆಯ ಕೋಣೆಗೆ ಮಟ್ಟ ಹಿಡಿದಾಗಿ, ಇವತ್ತು ಮೊದಲ ಸಾಲು. ಹತ್ತು ಗಂಟೆ ಇರಬೇಕು. ಫೊಲಿ ಕೆಳಗಿಳಿದು ಹುರಳಿಕಾಳು ತಿನ್ನಲು ಹೋಗಿದ್ದ. ನಾನು ಟೈಲ್ ತಟ್ಟಿದೆ, ಸರಿ ಎಂಬಂತೆ ತಲೆ ಆಡಿಸಿದೆ, ಮುಂದಿನದಕ್ಕೆ ಸರಿದೆ. ಯಾರಾದರೂ ನೋಡುತ್ತಿರಲಿ ಬಿಡಲಿ, ತಲೆ ಆಡಿಸುವುದು ಈಗ ಅಭ್ಯಾಸವಾಗಿದೆ. ಮರಳಿನವಳು ಬಾಂಡ್ಲಿ ಇಳಿಸಿ ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಎಫೋ, ಅದು ಟೊಳ್ಳು."

"ಯಾವುದು?"

"ಈಗ ತಟ್ಟಿದ್ದು. ಮೂರು ಸಲ ತಟ್ಟಿದ್ರಿ, ಮೂರು ಸಲಾನೂ ಟೊಳ್ಳು ಅಂತು. ನೀವು ತಲೆ ಆಡಿಸಿ ಮುಂದೆ ಹೋದ್ರಿ."

ಬೈಯಬೇಕೆಂದು ಬಾಯಿ ತೆರೆದವನು ಅದೇ ಟೈಲನ್ನು ಇನ್ನೊಮ್ಮೆ ತಟ್ಟಿ, ತಲೆ ವಾರೆ ಮಾಡಿ ಕಿವಿಗೊಟ್ಟೆ.

"ನಮ್ಮಪ್ಪ ಮರ ಕೊಯ್ಯೋ ಮಿಲ್ಲಲ್ಲಿದ್ದ. ಕೊನೆಕೊನೆಗೆ ಹೀಗೇ ತಲೆ ವಾರೆ ಮಾಡ್ತಿದ್ದ. ಎಲ್ಲದಕ್ಕೂ ಹೂಂ ಹೂಂ ಅಂತಿದ್ದ."

"ನಿಂಗೇನು ಬೇಕು, ಹೇಳು."

"ನಂಗೇನು ಬೇಕು? ಗಾರೆಗೆ ನೀರು ಕಮ್ಮಿ ಹಾಕಿಸಿ. ಹೊತ್ತು ಹೊತ್ತು ಕತ್ತು ಬಿದ್ದುಹೋಯ್ತು."

ಆ ಟೈಲ್ ಎತ್ತಿ ನೋಡಿದೆ. ಮಧ್ಯದಲ್ಲಿ ಅಂಗೈಯಷ್ಟು ಜಾಗಕ್ಕೆ ಗಾರೆ ಅಂಟಿಯೇ ಇರಲಿಲ್ಲ. ಕೆರೆದು ಮತ್ತೆ ಕೂರಿಸಿದೆ. ಇವಳು ಸಂಜೆಯೊಳಗೆ ಊರಿಗೆಲ್ಲ ಹೇಳುತ್ತಾಳೆ. ಮರಳು ಹೊರುವವರ ಬಾಯಿ ಮಾರುಕಟ್ಟೆಯಿದ್ದ ಹಾಗೆ. ನಾಳೆ ಹೋಗುವುದೋ ಬೇಡವೋ.

ಜನವರಿ ೨೨, ಬುಧವಾರ

ಹೋದೆ. ಯಾರೂ ಏನೂ ಅನ್ನಲಿಲ್ಲ. ಫೊಲಿ ಎಂದಿನ ಹಾಗೇ ನನ್ನ ಬೊಕ್ಕತಲೆಯ ಬಗ್ಗೆ ಮಾತ್ರ ಮಾತಾಡಿದ.

ಒಂದು ಏರ್ಪಾಡಾಗಿದೆ. ನಾನು ತಟ್ಟುತ್ತೇನೆ. ಅವಳು ಎದುರುಗಡೆ ಜರಡಿ ಆಡಿಸುತ್ತಿರುತ್ತಾಳೆ. ಟೊಳ್ಳಾದರೆ ಜರಡಿ ನಿಲ್ಲುತ್ತದೆ. ನಿಂತರೆ ನಾನು ಟೈಲ್ ಎತ್ತುತ್ತೇನೆ. ನೋಡುವವರಿಗೆ ಮೇಸ್ತ್ರಿ ತಟ್ಟಿದ, ಮೇಸ್ತ್ರಿಗೇ ತಿಳಿಯಿತು, ಅಷ್ಟೇ. ಇವತ್ತು ನಾಲ್ಕು ಸಲ ನಿಂತಿತು. ಒಂದು ಸಲ ನೊಣ ಓಡಿಸಲು ನಿಲ್ಲಿಸಿದ್ದಳು, ಒಳ್ಳೆಯ ಟೈಲನ್ನೇ ಎತ್ತಿಬಿಟ್ಟೆ. ಅವಳು ನಗು ತಡೆಯಲಾರದೆ ಆಚೆ ಎದ್ದು ಹೋದಳು.

ಗಾರೆ ಮತ್ತೆ ಉಂಡೆ ಕಟ್ಟುವ ಹದಕ್ಕೆ ಬಂದಿದೆ.

ಜನವರಿ ೨೮, ಮಂಗಳವಾರ

ಹಜಾರ ಅರ್ಧ ಮುಗಿಯಿತು. ಟೈಲ್ ಇಡುವ ಮೊದಲು ಗಾರೆಯ ಮೇಲೆ ಸಿಮೆಂಟ್ ಹಾಲು ಯಾಕೆ ಸುರಿಯುವುದು ಎಂದು ಮರಳಿನವಳು ಕೇಳಿದಳು, ಹೆಸರು ಜಿಫಾ. ಹೇಳಿದೆ. ರಸಮಟ್ಟದ ಗುಳ್ಳೆ ನೋಡುವುದು ಹೇಗೆ ಎಂದಳು. ಅದನ್ನೂ ತೋರಿಸಿದೆ. ಗೋಡೆ ಪಕ್ಕದ ಸಾಲಿನಲ್ಲಿ ಎರಡು ಟೈಲ್ ತಾನೇ ಕೂರಿಸಿದಳು, ಒಂದು ಸೊಟ್ಟ. ಸೊಟ್ಟ ಅಂದೆ. "ನೀವು ಮೊದಲನೇ ದಿನ ನೆಟ್ಟಗೆ ಇಟ್ಟಿದ್ರಾ?" ಅಂದಳು. ಇಟ್ಟಿರಲಿಲ್ಲ, ಗುರುಗಳ ಕಾಲ ಮೇಲೇ ಬೀಳಿಸಿದ್ದೆ. ಆ ಕಥೆ ಹೇಳಿದೆ. ಅದನ್ನು ಯಾರಿಗೂ ಹೇಳಿದ ನೆನಪಿಲ್ಲ.

ಮಧ್ಯಾಹ್ನ ಅವಳು ಕಿಟಕಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಎಫೋ, ಇದನ್ನೊಂದು ಸಲ ತಟ್ಟಿ ನೋಡೋಣ. ನೀರು ಗಾರೆ ಹಾಕಿದ್ದು. ಈಗ ಒಣಗಿರುತ್ತೆ."

"ಬೇಡ."

"ಈಗ ಗೊತ್ತಾದ್ರೆ ಈಗ್ಲೇ ಸರಿ ಮಾಡ್ಬೋದು."

"ಬೇಡ ಅಂದ್ನಲ್ಲ. ಆ ಕೋಣೆಗೆ ಕಾಲಿಡಬೇಡ."

ಬಾಗಿಲಿಗೆ ಹಲಗೆ ಅಡ್ಡ ಇಟ್ಟೆ. ತಟ್ಟಿ ನೋಡಿದರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಒಂದೂ ಇಲ್ಲದಿರಬಹುದು. ಇದು ಮೂರ್ಖತನ ಎಂದು ಬರೆಯುವಾಗ ಕಾಣುತ್ತದೆ. ಆ ಬಾಗಿಲ ಮುಂದೆ ನಿಂತಾಗ ಕಾಣುವುದಿಲ್ಲ.

ಫೆಬ್ರವರಿ ೩

ಕೊನೆಯ ಕೋಣೆ. ಫೊಲಿ ಊಟದ ಹೊತ್ತಿಗೆ ಆ ಹನ್ನೊಂದು ಟೈಲಿನ ಕಥೆಯನ್ನು ಮತ್ತೆ ಶುರುಮಾಡಿದ. ಒಂದೊಂದು ಒಡೆದಾಗಲೂ ಕೋಲಜ್ಜಿ ಆ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದಳಂತೆ, ಬೇಟೆ ನೋಡುವ ಹದ್ದಿನ ಹಾಗೆ. "ನಿಂಗೇನಪ್ಪಾ, ಆನೆ ಕಿವಿ. ಹೆದರೋನು ಹೆದರಬೇಕು" ಅಂದ. ನಾನು ನಕ್ಕೆ. ಜಿಫಾ ನಗಲಿಲ್ಲ, ಮೀನಿನ ಮುಳ್ಳು ಬಿಡಿಸುತ್ತಾ ತಲೆ ಬಗ್ಗಿಸಿಕೊಂಡಳು.

ಫೆಬ್ರವರಿ ೬, ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟವನು ಕೋಟನೂ ಗಾಡಿಗಳ ನಿಲ್ದಾಣಕ್ಕೆ ಹೋದೆ. ಚೀಲದಲ್ಲಿ ಎರಡು ಅಂಗಿ ಇದ್ದವು. ಅಕೂವಿ ನೋಡಿದಳೋ ಇಲ್ಲವೋ ತಿಳಿಯದು. ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅಲ್ಲಿ ಹೋಗಿ ಏನು ಮಾಡುವುದು? ಅಲ್ಲೂ ಟೈಲ್ ಇವೆ, ಅಲ್ಲೂ ತಟ್ಟುತ್ತಾರೆ. ಕೊಬ್ಬರಿ ಮಾರುವವನ ಪಕ್ಕ ನಾನೊಂದು ಬುಟ್ಟಿ ಇಟ್ಟುಕೊಳ್ಳಬೇಕು. ಆಗ ನೆನಪಾಯಿತು, ರಸಮಟ್ಟ ಸೈಟಿನಲ್ಲೇ ಉಳಿದಿದೆ. ಗುರುಗಳು ಕೊಟ್ಟದ್ದು. ಇಳಿದೆ. ಡ್ರೈವರು ಏನೋ ಬೈದ, ಅದು ಪೂರ್ತಿ ಕೇಳಿಸಿತು.

ಸೈಟಿಗೆ ಹೋದಾಗ ಹತ್ತು ಗಂಟೆ. ಜಿಫಾ ಆಗಲೇ ಗಾರೆ ಕಲಸಿ, ಒಣಗದಂತೆ ಒದ್ದೆ ಗೋಣಿ ಮುಚ್ಚಿ ಕೂತಿದ್ದಳು.

"ಬರಲ್ವೇನೋ ಅಂದ್ಕೊಂಡೆ."

"ಗಾಡಿ ಸಿಗ್ಲಿಲ್ಲ."

ಅವಳು ಚೀಲದ ಕಡೆ ನೋಡಿದಳು. ಒಂದು ಅಂಗಿಯ ತೋಳು ಹೊರಗೆ ಜೋತುಬಿದ್ದಿತ್ತು. "ಸದ್ಯ ಸಿಗ್ಲಿಲ್ಲ ಬಿಡಿ" ಅಂದು ಬಾಂಡ್ಲಿ ತುಂಬಿದಳು.

ಫೆಬ್ರವರಿ ೮, ಶನಿವಾರ

ಎಲ್ಲವನ್ನೂ ನಡೆದ ಹಾಗೇ ಬರೆಯುತ್ತೇನೆ.

ಎಂಟು ಗಂಟೆಗೆ ಕೋಲಜ್ಜಿ ಬಂದಳು, ಮೈತುಂಬ ನೀಲಿ ಬಟ್ಟೆ, ತಲೆಗೆ ಅದೇ ಬಟ್ಟೆಯ ಸುತ್ತು. ಫೊಲಿ, ಬಣ್ಣದವನು, ಅಕ್ಕಪಕ್ಕದ ಮನೆಯ ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು. ಕಿಟಕಿ ಕಟ್ಟೆಯ ಮೇಲೆ ಸೊಡಾಬಿ ಬಾಟಲಿ, ಮುಚ್ಚಳ ಹಾಕಿಯೇ ಇತ್ತು. ನಾನು ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ನುಂಗಿರಲಿಲ್ಲ.

ಹಜಾರದಿಂದ ಶುರು. ಕೋಲಿನ ತುದಿಯಿಂದ ತಟ್ಟುವುದು, ನನ್ನ ಮುಖ ನೋಡುವುದು, ಮುಂದೆ ಹೋಗುವುದು. ತಟ್ಟುವುದು, ನೋಡುವುದು. ಜೀರುಂಡೆಗಳು ಕಿವಿಯಲ್ಲಿ ಕಿರುಚುತ್ತಿದ್ದವು. ಜನರ ಮುಖ ನೋಡಿ ತಿಳಿದುಕೊಳ್ಳೋಣ ಅಂದರೆ ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಪ್ರತಿ ಟೈಲಿಗೂ ಇದೇ ಇರಬೇಕು, ಇದೇ ಇರಬೇಕು ಅನ್ನಿಸುತ್ತಿತ್ತು. ಹಜಾರ ಮುಗಿಯಿತು. ಮೂರು ಕೋಣೆ ಮುಗಿದವು. ಫೊಲಿ ಬಾಟಲಿಯ ಕಡೆ ಕಣ್ಣು ಹಾಕಿದ.

ಕಿಟಕಿಯ ಕೋಣೆ. ಹಲಗೆ ತೆಗೆದೆ. ಬಾಗಿಲಿನಿಂದ ಎರಡನೆಯ ಸಾಲಲ್ಲಿ ಕೋಲಜ್ಜಿ ಒಂದು ಟೈಲ್ ತಟ್ಟಿದಳು, ನಿಂತಳು. ಇನ್ನೊಮ್ಮೆ ತಟ್ಟಿದಳು. ಮೂರನೆಯ ಸಲ.

"ಏನನ್ನುತ್ತೆ ಮೇಸ್ತ್ರಿ, ಇದು?"

ಗಟ್ಟಿ ಅನ್ನಬಹುದಿತ್ತು. ಟೊಳ್ಳಾಗಿದ್ದರೆ ಎಲ್ಲರೆದುರು ಸುಳ್ಳುಗಾರ. ಟೊಳ್ಳು ಅನ್ನಬಹುದಿತ್ತು. ಗಟ್ಟಿಯಾಗಿದ್ದರೆ ಒಡೆದ ಕೂಡಲೇ ಗೊತ್ತಾಗುತ್ತದೆ, ಈ ಮೇಸ್ತ್ರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯದು ಅಂತ. ಕೋಲಜ್ಜಿ ಕಣ್ಣು ತೆಗೆಯಲಿಲ್ಲ.

"ನನಗೆ ಕೇಳಿಸಲ್ಲ, ಮದಾಮ್" ಎಂದೆ. "ಕಿವಿ ಹೋಗಿದೆ. ಜಿಫಾನ ಕೇಳಿ. ಕೇಳಿಸೋದು ಅವಳಿಗೆ."

ಗೋಡೆಯ ಬಳಿ ಯಾರೋ ಏನೋ ಅಂದರು, ಯಾರೋ ನಕ್ಕರು. ಫೊಲಿ ನಗಲಿಲ್ಲ, ಅದನ್ನು ಬರೆದಿಡಬೇಕು. ಜಿಫಾ ಬಾಗಿಲಲ್ಲಿ ಬಾಂಡ್ಲಿ ತೊಳೆಯುತ್ತಿದ್ದಳು. ಒದ್ದೆ ಕೈ ಒರೆಸಿಕೊಂಡು ಒಳಗೆ ಬಂದು ಕೋಲಜ್ಜಿಯ ಎದುರಿಗೆ ನಿಂತಳು.

"ಇದು ಗಟ್ಟಿ, ಮದಾಮ್."

ಅಷ್ಟಕ್ಕೇ ಅವಳು ಸುಮ್ಮನಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ.

"ಆದ್ರೆ ಆ ಕಿಟಕಿ ಕೆಳಗಿನ ಸಾಲುಗಳು ಗಟ್ಟಿ ಇರಲ್ಲ. ಅವತ್ತಿನ ಗಾರೆಗೆ ನೀರು ಹೆಚ್ಚಾಗಿತ್ತು. ಕಲಸಿದ್ದು ನಾನೇ."

ಹಾಕಿಸಿದ್ದು ನಾನು ಎಂದು ಹೇಳಲು ಹೊರಟೆ. ಕೋಲಜ್ಜಿ ಕೈ ಅಡ್ಡ ಹಿಡಿದು, ಕೋಲನ್ನು ಜಿಫಾಳಿಗೆ ಕೊಟ್ಟಳು. ಆ ಕೋಲನ್ನು ಆಕೆ ಬೇರೆಯವರ ಕೈಗೆ ಕೊಟ್ಟದ್ದನ್ನು ಯಾರೂ ಕಂಡಿಲ್ಲವಂತೆ, ಆಮೇಲೆ ಫೊಲಿ ಹೇಳಿದ. ಜಿಫಾ ಕಿಟಕಿಯ ಕಡೆಯಿಂದ ಒಂದೊಂದೇ ತಟ್ಟುತ್ತಾ ಬಂದಳು. ಟೊಳ್ಳಾದ ಕಡೆ ಒದ್ದೆ ಬೆರಳಿಂದ ಗೆರೆ ಎಳೆದಳು. ಏಳು ಗೆರೆ.

ಸುತ್ತಿಗೆ ತಂದೆ. ಏಳನ್ನೂ ಒಡೆದೆ. ಮೊದಲನೆಯದಕ್ಕೆ ಕೈ ಏಳಲಿಲ್ಲ, ಅಳು ಬಂತು, ಧೂಳಿಗೆ ಕಣ್ಣು ಉರಿದಂತೆ ಮಾಡಿ ಒರೆಸಿಕೊಂಡೆ. ಮೂರನೆಯದರ ಹೊತ್ತಿಗೆ ಅದೊಂದು ಕೆಲಸ ಅಷ್ಟೇ ಆಯಿತು. ಪ್ರತಿಯೊಂದರ ಕೆಳಗೂ ಒಣಗಿದ ಗಾರೆ ಟೈಲಿನಿಂದ ಬಿಟ್ಟುಕೊಂಡು ಸುರುಟಿತ್ತು, ಜಿಫಾ ಅಂದ ಹಾಗೇ.

ಕೋಲಜ್ಜಿ ಎಲ್ಲರನ್ನೂ ಹೊರಗೆ ಅಟ್ಟಿದಳು. ನನ್ನನ್ನು ಕಿಟಕಿ ಕಟ್ಟೆಯ ಮೇಲೆ ತನ್ನ ಎದುರಿಗೆ ಕೂರಿಸಿಕೊಂಡಳು. ಬಾಟಲಿ ಬಿಚ್ಚಿ ಮೊದಲ ಹನಿಗಳನ್ನು ಹಿರಿಯರಿಗೆಂದು ಒಡೆದ ಜಾಗಕ್ಕೇ ಚೆಲ್ಲಿ, ನನಗೊಂದು ಗುಟುಕು ಕೊಟ್ಟು, ತಾನೂ ಕುಡಿದಳು.

"ಎಷ್ಟು ದಿನದಿಂದ?"

"ಗೊತ್ತಾಗಿ ಒಂದು ತಿಂಗಳು, ಮದಾಮ್."

"ನಂದು ಒಂಬತ್ತು ವರ್ಷ."

ನನಗೆ ಅರ್ಥವಾಗಲಿಲ್ಲ. ಅವಳು ಮುಖ ಹತ್ತಿರ ತಂದಳು.

"ನಂಗೆಲ್ಲಪ್ಪಾ ಕೇಳಿಸುತ್ತೆ, ಗಟ್ಟಿನೋ ಟೊಳ್ಳೋ? ನಾನು ತಟ್ಟೋದು ಟೈಲ್‌ನ, ನೋಡೋದು ಮೇಸ್ತ್ರಿ ಮುಖನ. ನಲವತ್ತು ವರ್ಷ ಬಟ್ಟೆ ಮಾರಿದೀನಿ. ಕೆಟ್ಟ ಕೆಲಸ ಎಲ್ಲಿದೆ ಅಂತ ಮಾಡಿದೋನಿಗೆ ಗೊತ್ತಿರುತ್ತೆ, ಅಲ್ಲಿಗೆ ಕೋಲು ಬಂದಾಗ ರೆಪ್ಪೆ ಬಡೀತಾನೆ. ಆ ಹನ್ನೊಂದು ಟೈಲಿನೋನು ಹನ್ನೊಂದು ಸಲ ಬಡಿದಿದ್ದ." ಇನ್ನೊಂದು ಗುಟುಕು ಹಾಕಿದಳು. "ನೀನಿದ್ದೀಯಲ್ಲಾ, ಹಜಾರದಿಂದ ಇಲ್ಲೀವರೆಗೂ ಒಂದು ಟೈಲಿಗೂ ರೆಪ್ಪೆ ಬಡೀದೇ ಬಿಟ್ಟಿಲ್ಲ. ಇವನು ಮನೆ ಪೂರ್ತಿ ಹಾಳು ಮಾಡಿದಾನೆ, ಎಲ್ಲಾನೂ ಒಡೆಸಬೇಕು ಅಂತಲೇ ನಾನು ನಿಂತಿದ್ದು. ಆ ಹುಡುಗಿಯ ಹೆಸರು ಹೇಳದೇ ಇದ್ದಿದ್ರೆ ಒಡೆಸ್ತಿದ್ದೆ."

ಆರುನೂರೂ. ಎಲ್ಲವೂ ಗಟ್ಟಿ ಇದ್ದವು, ಏಳು ಬಿಟ್ಟು.

"ಯಾರಿಗೂ ಹೇಳಬೇಡ" ಅಂದಳು. ಆ ಮಾತಿಗೆ ಅವಳ ರೆಪ್ಪೆ ಬಡಿಯಿತು.

ಫೆಬ್ರವರಿ ೧೦, ಸೋಮವಾರ

ನನಗಿಂತ ಮೊದಲೇ ಊರಿನ ಬಾಯಿ ಮನೆ ಮುಟ್ಟಿತ್ತು. ಅಕೂವಿ ಶನಿವಾರದಿಂದ ಎದುರಿಗೇ ಕೂತು, ಬಾಯಿ ದೊಡ್ಡದು ಮಾಡಿ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳುತ್ತಾಳೆ. "ನಾನೇನು ಹಾಲುಗೂಸಾ?" ಎಂದು ರೇಗಿದೆ. "ಹಾಲುಗೂಸಿಗಾದ್ರೂ ಕರೆದ್ರೆ ಕೇಳುತ್ತೆ" ಅಂದಳು. ಆಮೇಲೆ ಇಬ್ಬರಿಗೂ ನಗು ಬಂತು. ನಿನ್ನೆ ರಾತ್ರಿ ನಿದ್ದೆ ಬಂದಿತು.

ಇವತ್ತು ಏಳು ಹೊಸ ಟೈಲ್. ನಾಲ್ಕು ನಾನು, ಮೂರು ಜಿಫಾ. ಅವಳು ತಟ್ಟಿದಳು. ನಾನು ಜರಡಿಯನ್ನಲ್ಲ, ಅವಳ ಮುಖವನ್ನು ನೋಡಿದೆ. ನಾಲ್ಕನೆಯದಕ್ಕೆ ಅವಳ ಹುಬ್ಬು ಕೂಡಿಕೊಂಡಿತು. ಅದು ನಾನು ಹಾಕಿದ್ದು. ಅವಳು ಬಾಯಿ ತೆರೆಯುವ ಮೊದಲೇ ಕರಣೆ ಹಾಕಿ ಎತ್ತಿದೆ.